ಆಸ್ಪತ್ರೆಯಲ್ಲಿ 16, ಮನೆಯಲ್ಲಿ 7: ತಮ್ಮನ ಓಡಾಟದ ಅಂಕ ಇಳಿದದ್ದು ಯಾಕೆ?

ಅಡಿಕೆತೋಟದ_ಅಕ್ಕ

ನಮಸ್ಕಾರ. ಈ ಗುಂಪಿಗೆ ಹೊಸಬಳು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಕಳೆದ ಕೊಯ್ಲಿನಲ್ಲಿ ಕೊನೆ ತೆಗೆಯಲು ಅಡಿಕೆ ಮರ ಹತ್ತಿದ ನನ್ನ ತಮ್ಮ ಬಿದ್ದ. ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಟಿ12, ಎಐಎಸ್ ಎ’ ಅಂತ ಇದೆ, ಅಂದರೆ ಎದೆ ಭಾಗದ ಕೊನೆಯ ಮಟ್ಟದಲ್ಲಿ ಪೂರ್ತಿ ಪೆಟ್ಟು ಅಂತೆ. ಕಾಲಲ್ಲಿ ಶಕ್ತಿಯೂ ಇಲ್ಲ, ಮುಟ್ಟಿದರೆ ಗೊತ್ತೂ ಆಗಲ್ಲ. ಕೈ ಮಾತ್ರ ಮೊದಲಿನ ಹಾಗೇ ಗಟ್ಟಿ.

ರಿಹ್ಯಾಬ್ ವಾರ್ಡಿನಿಂದ ಹೊರಡುವಾಗ ಒಂದು ಹಾಳೆ ಕೊಟ್ಟರು. ದಿನನಿತ್ಯದ ಕೆಲಸ ಎಷ್ಟು ಸ್ವಂತವಾಗಿ ಮಾಡ್ತಾನೆ ಅಂತ ಅಳೆಯೋ ‘ಸ್ಕಿಮ್’ ಅನ್ನೋ ಅಂಕಪಟ್ಟಿ. ಒಟ್ಟು 100ಕ್ಕೆ 66, ಅದರಲ್ಲಿ ಓಡಾಟದ ಭಾಗಕ್ಕೆ 40ಕ್ಕೆ 16. ಮನೆಗೆ ಬಂದ ಮೇಲೆ ಇಲ್ಲಿನ ಫಿಸಿಯೋ ಒಬ್ಬರು ಬಂದು ಅದೇ ಹಾಳೆ ಮತ್ತೆ ತುಂಬಿದರು. ಓಡಾಟಕ್ಕೆ 7 ಬಂತು. ಅಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡ್ತಿಲ್ಲ. ತಮ್ಮನಂತೂ ‘ನನ್ನ ನರ ಇನ್ನೂ ಸಾಯ್ತಾ ಇದೆ’ ಅಂತ ತೀರ್ಮಾನ ಮಾಡಿಬಿಟ್ಟಿದ್ದಾನೆ.

ನಿಜಕ್ಕೂ ಇಳಿದಿದೆಯಾ? 40ಕ್ಕೆ 16 ಅನ್ನೋದೇ ಪಾಸ್ ಮಾರ್ಕಿನ ಹತ್ತಿರ. ಇನ್ನು 7 ಅಂದ್ರೆ ಉಳಿದದ್ದೇನು? ಗೊತ್ತಿದ್ದವರು ಹೇಳಿ.

ಫಿಸಿಯೋ_ಮೈಸೂರು

ಅಕ್ಕಾ, ಅಂಕದ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ. ಮೊದಲು ಸ್ಪರ್ಶ ಗೊತ್ತಾಗುತ್ತಿದ್ದ ಜಾಗದಲ್ಲಿ ಈಗ ಗೊತ್ತಾಗುತ್ತಿಲ್ಲವಾ? ಕೈಯಲ್ಲಿ ಹೊಸದಾಗಿ ಜೋಮು ಹಿಡಿಯುತ್ತಾ, ಹಿಡಿತ ಸಡಿಲ ಆಗಿದೆಯಾ? ಬೆನ್ನಿನಲ್ಲಿ ಹೊಸ ನೋವು ಬಂದು, ಕೆಮ್ಮಿದಾಗ ಸೀನಿದಾಗ ಜಾಸ್ತಿ ಆಗುತ್ತಾ? ಕಾಲಿನ ಸೆಳೆತ ಇದ್ದಕ್ಕಿದ್ದ ಹಾಗೆ ಬದಲಾಗಿದೆಯಾ? ಜ್ವರ, ಮೂತ್ರದಲ್ಲಿ ಕೆಟ್ಟ ವಾಸನೆ, ಪೃಷ್ಠದ ಮೇಲೆ ಕೆಂಪು ಕಲೆ ಇವೆಯಾ?

ಬೆನ್ನುಹುರಿಗೆ ಪೆಟ್ಟಾದ ತಿಂಗಳುಗಳ ಅಥವಾ ವರ್ಷಗಳ ನಂತರ ಕೆಲವರಿಗೆ ಹುರಿಯೊಳಗೆ ನೀರಿನ ಗುಳ್ಳೆ ಬೆಳೆಯುತ್ತದೆ. ಸಿರಿಂಕ್ಸ್ ಅನ್ನುತ್ತಾರೆ. ಅದಾದರೆ ಇದ್ದ ಶಕ್ತಿ ನಿಜಕ್ಕೂ ಕಡಿಮೆ ಆಗುತ್ತದೆ, ಎಂಆರ್‌ಐ ಬೇಕಾಗುತ್ತದೆ. ಮೇಲಿನ ಯಾವುದಕ್ಕಾದರೂ ಉತ್ತರ ಹೌದು ಅಂತಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಏನೂ ಇಲ್ಲ ಅಂದರೆ ಎರಡೂ ಹಾಳೆಯ ಅಂಕಗಳನ್ನು ಬಿಡಿ ಬಿಡಿಯಾಗಿ ಬರೆದು ಹಾಕಿ. ಒಟ್ಟು ಅಂಕ ನೋಡಿ ಯಾರೂ ಏನೂ ಹೇಳಲಾಗದು.

ಅಡಿಕೆತೋಟದ_ಅಕ್ಕ

ಅವನನ್ನೇ ಕೇಳಿದೆ ಸರ್, ಅದ್ಯಾವುದೂ ಇಲ್ಲ. ಕನ್ನಡಿ ಹಿಡಿದು ದಿನಾ ಚರ್ಮ ನೋಡ್ತೀವಿ, ಕಲೆ ಇಲ್ಲ.

ಆಸ್ಪತ್ರೆ ಹಾಳೆ: ಹಾಸಿಗೆಯಲ್ಲಿ ಹೊರಳುವುದು 6, ಮಂಚದಿಂದ ಗಾಲಿಕುರ್ಚಿಗೆ 2, ಕುರ್ಚಿಯಿಂದ ಪಾಯಿಖಾನೆಗೆ 1, ಒಳಗೆ ಓಡಾಟ 2, ಮಧ್ಯಮ ದೂರ 2, ಹೊರಗೆ 2, ಮೆಟ್ಟಿಲು 0, ಕಾರಿಗೆ 1, ನೆಲದಿಂದ ಕುರ್ಚಿಗೆ 0.

ಮನೆ ಹಾಳೆ, ಅದೇ ಸಾಲಿನಲ್ಲಿ: 4, 1, 0, 1, 1, 0, 0, 0, 0.

ಫಿಸಿಯೋ_ಮೈಸೂರು

ಸಮಾಧಾನದಿಂದ ಓದಿ, ಸ್ವಲ್ಪ ಉದ್ದ ಆಗುತ್ತದೆ.

ಸ್ಕಿಮ್ ಬೆನ್ನುಹುರಿ ಪೆಟ್ಟಿನವರಿಗೆ ಅಂತಲೇ ಮಾಡಿದ ಹಾಳೆ. ಇಸ್ರೇಲಿನ ಲೋವೆನ್‌ಸ್ಟೈನ್ ಆಸ್ಪತ್ರೆಯ ಅಮಿರಾಮ್ ಕಾಟ್ಜ್ ಮತ್ತು ಜೊತೆಯವರು 1997ರಲ್ಲಿ ತಂದರು. ಈಗ ಬಳಸುತ್ತಿರುವ ಮೂರನೇ ರೂಪ 2007ರದ್ದು. ಒಟ್ಟು 100 ಅಂಕ. ಊಟ, ಸ್ನಾನ, ಬಟ್ಟೆಗೆ 20. ಉಸಿರಾಟ, ಮೂತ್ರ, ಮಲದ ನಿರ್ವಹಣೆಗೆ 40. ಓಡಾಟಕ್ಕೆ 40.

ಈಗ ಆ 40ರ ಗುಟ್ಟು ನೋಡಿ. ‘ಒಳಗೆ ಓಡಾಟ’ಕ್ಕೆ ಪೂರ್ತಿ ಅಂಕ 8. ಅದು ಯಾವ ಆಸರೆಯೂ ಇಲ್ಲದೆ ನಡೆಯುವವರಿಗೆ. ಕೈಯಿಂದ ತಳ್ಳುವ ಗಾಲಿಕುರ್ಚಿಯಲ್ಲಿ ಯಾರ ಸಹಾಯವೂ ಇಲ್ಲದೆ ಓಡಾಡುವವನಿಗೆ 2. ಅಷ್ಟೇ. 10ರಿಂದ 100 ಮೀಟರಿನ ಮಧ್ಯಮ ದೂರಕ್ಕೂ ಹಾಗೇ, 100 ಮೀಟರಿಗಿಂತ ಹೆಚ್ಚಿನ ಹೊರಗಿನ ಓಡಾಟಕ್ಕೂ ಹಾಗೇ. ಅಲ್ಲಿಗೆ 24ರಲ್ಲಿ 6. ಮೆಟ್ಟಿಲಿಗೆ 3 ಅಂಕ ಇದೆ, ಕುರ್ಚಿಯಲ್ಲಿ ಇರುವವನಿಗೆ ಸೊನ್ನೆ. ಉಳಿದದ್ದು ಹಾಸಿಗೆ 6, ಮಂಚಕ್ಕೆ 2, ಪಾಯಿಖಾನೆಗೆ 2, ಕಾರಿಗೆ 2, ನೆಲದಿಂದ ಏಳುವುದಕ್ಕೆ 1. ಎಲ್ಲಾ ಕೂಡಿಸಿ. ಗಾಲಿಕುರ್ಚಿಯಲ್ಲಿ ರಾಜನ ಹಾಗೆ ಓಡಾಡುವವನಿಗೂ ಸಿಗುವುದು 19.

ಅಂದರೆ ನಿಮ್ಮ ತಮ್ಮ ಆಸ್ಪತ್ರೆ ಬಿಡುವಾಗ 40ಕ್ಕೆ 16 ಅಲ್ಲ, 19ಕ್ಕೆ 16. ಕಳೆದುಕೊಂಡ ಆ ಮೂರು ಅಂಕ ಎಲ್ಲಿವೆ ನೋಡಿ. ಪಾಯಿಖಾನೆ, ಕಾರು, ನೆಲ.

ಮನೆಯಲ್ಲಿ ಇಳಿದ ಒಂದೊಂದು ಅಂಕಕ್ಕೂ ಕಾರಣ ಹುಡುಕಬೇಕು. ಸ್ಕಿಮ್ ಕೇಳುವುದು ‘ಮಾಡಬಲ್ಲನಾ’ ಅಂತ ಅಲ್ಲ, ‘ದಿನಾ ಮಾಡುತ್ತಾನಾ’ ಅಂತ. ಹಾಗಾಗಿ ಮಂಚ ಬದಲಾದರೆ ಅಂಕ ಬದಲಾಗುತ್ತದೆ. ಮಂಚ ಎಷ್ಟು ಎತ್ತರ? ಹಾಸಿಗೆ ಎಂಥದ್ದು? ಕುರ್ಚಿ ಅದೇನಾ, ಬೇರೆಯಾ?

ಅಡಿಕೆತೋಟದ_ಅಕ್ಕ

ಅಯ್ಯೋ, ಇದನ್ನು ಯಾರೂ ಹೇಳಿರಲಿಲ್ಲ. ತಮ್ಮನಿಗೆ ಓದಿ ಹೇಳಿದೆ, ‘19ಕ್ಕೆ 16ಆ’ ಅಂತ ಎರಡು ಸಲ ಕೇಳಿದ.

ಮಂಚ ಅಜ್ಜನ ಕಾಲದ್ದು, ಗಿಡ್ಡ. ಗಾಲಿಕುರ್ಚಿಯ ಸೀಟಿಗಿಂತ ಒಂದು ಗೇಣು ಕೆಳಗೆ. ಹತ್ತಿ ಹಾಸಿಗೆ, ನಡುವೆ ಗುಂಡಿ ಬಿದ್ದಿದೆ. ಕುರ್ಚಿ ಬೇರೆ. ವಾರ್ಡಿನದು ಅಲ್ಲೇ ಉಳಿಯಿತು, ಇದು ಒಬ್ಬರು ದಾನ ಕೊಟ್ಟದ್ದು. ಬಚ್ಚಲು ಮನೆ ಎರಡು ಮೆಟ್ಟಿಲು ಕೆಳಗೆ. ಪಾಯಿಖಾನೆ ಅಂಗಳದ ಆಚೆ, ಕುಕ್ಕರಗಾಲಲ್ಲಿ ಕೂರುವಂಥದ್ದು. ಹೊಸ್ತಿಲು ಎಲ್ಲಾ ಬಾಗಿಲಿಗೂ ಇದೆ, ನಾಲ್ಕೈದು ಇಂಚು.

ಗಾಲಿಕುರ್ಚಿ_ಹುಬ್ಬಳ್ಳಿ

ಅಕ್ಕಾರ, ದಾನದ ಕುರ್ಚಿಯ ಕೈ ತೆಗೀಲಿಕ್ಕೆ ಬರ್ತದೋ ಇಲ್ಲೋ ಅಷ್ಟು ನೋಡ್ರಿ. ನಂಗೆ ಈಗಲೇ ಉತ್ತರ ಗೊತ್ತದ. ಬರೋದಿಲ್ಲ.

ಅಡಿಕೆತೋಟದ_ಅಕ್ಕ

ಬರಲ್ಲ ಅಣ್ಣ. ಕಬ್ಬಿಣದ್ದು, ವೆಲ್ಡ್ ಮಾಡಿದ್ದಾರೆ.

ಗಾಲಿಕುರ್ಚಿ_ಹುಬ್ಬಳ್ಳಿ

ಹಂಗಿದ್ರೆ ನಿಮ್ಮ ತಮ್ಮನ ನರಕ್ಕೇನೂ ಆಗಿಲ್ಲ ಬಿಡ್ರಿ. ನಾನೂ ಟಿ10, ಕಟ್ಟಡದ ಸಾರ್ವೆಯಿಂದ ಬಿದ್ದವ. ವಾರ್ಡಿನ ಕುರ್ಚಿಗೆ ಪಕ್ಕದ ಕೈ ಕಳಚಿ ಇಡಬಹುದು. ಕುಂಡಿ ಜಾರಿಸಿಕೊಂಡು ಪಕ್ಕದ ಮಂಚಕ್ಕೆ ಹೋಗಬಹುದು. ಕೈ ಗಟ್ಟಿ ಬೆಸೆದ ಕುರ್ಚಿ ಅಂದ್ರೆ ಆ ಕಬ್ಬಿಣದ ಮ್ಯಾಲೆ ಹಾದು ಹೋಗಬೇಕು. ಯಾರಾದರೂ ಎತ್ತಲೇಬೇಕು. ಅಲ್ಲಿಗೆ 2 ಹೋಗಿ 1 ಆತು. ತಪ್ಪು ಕುರ್ಚೀದು, ಅಂಕ ಕಡಿಮೆ ಆಗೋದು ಹುಡುಗಂದು.

ಫಿಸಿಯೋ ಸರ್‌ಗೆ ಒಂದು ಜಗಳ ಇಡ್ತೀನಿ. ನಾನು ದಿನಾ ಅಂಗಡಿಗೆ ನಾನೇ ತಳ್ಳಿಕೊಂಡು ಹೋಗ್ತೀನಿ, ನಾನೇ ಶಟರ್ ಎತ್ತತೀನಿ. ನನಗೆ 8ಕ್ಕೆ 2. ವಾಕರ್ ಹಿಡಿದು ಎರಡೂ ಕಾಲು ಒಟ್ಟಿಗೆ ಎಳೆದುಕೊಂಡು ವರಾಂಡ ದಾಟೋವನಿಗೆ 4. ಯಾವ ನ್ಯಾಯ ಇದು?

ಸುಮ್ನೆ_ಓದುವವ

ಅದೇ ನನ್ನ ಪ್ರಶ್ನೆ. ಇಷ್ಟು ಏರುಪೇರಾಗುವ ಅಂಕ ಯಾಕೆ ಬೇಕು? ಮನೆಯವರು ‘ಅವನು ಇಷ್ಟು ಮಾಡ್ತಾನೆ, ಇಷ್ಟು ಮಾಡಲ್ಲ’ ಅಂತ ಹೇಳಿದರೆ ಸಾಲದೇ?

ಫಿಸಿಯೋ_ಮೈಸೂರು

ಹುಬ್ಬಳ್ಳಿ ಅಣ್ಣನ ಜಗಳ ನ್ಯಾಯವಾದದ್ದೇ. ಸ್ಕಿಮ್‌ನ ಅಂಕದ ಏಣಿ ನಡಿಗೆಯನ್ನು ಮೇಲೆ ಇಟ್ಟು ಮಾಡಿದ್ದು. ಹಾಗಾಗಿ ನಡೆಯುವವನ ಸಣ್ಣ ಸುಧಾರಣೆ ಅಲ್ಲಿ ಕಾಣುತ್ತದೆ, ಕುರ್ಚಿಯವನ ದೊಡ್ಡ ಸುಧಾರಣೆ ಕಾಣುವುದಿಲ್ಲ. ಅಂಗಳದ ಏರು ಹತ್ತಲು ಕಲಿತರೂ 2, ಬಸ್ ಸ್ಟ್ಯಾಂಡಿಗೆ ಹೋಗಿ ಬಂದರೂ 2.

ಅದಕ್ಕೇ ಕುರ್ಚಿಯವರಿಗೆ ಬೇರೆ ಪರೀಕ್ಷೆ ಇದೆ. ಕೆನಡಾದ ಹ್ಯಾಲಿಫ್ಯಾಕ್ಸಿನ ಡಾಲ್‌ಹೌಸಿ ವಿಶ್ವವಿದ್ಯಾಲಯದವರು ಮಾಡಿದ ವೀಲ್‌ಚೇರ್ ಸ್ಕಿಲ್ಸ್ ಟೆಸ್ಟ್. ಅದರಲ್ಲಿ ಮುಂದೆ ಹಿಂದೆ ಓಡಿಸುವುದರಿಂದ ಹಿಡಿದು ಮುಂದಿನ ಚಕ್ರ ಎತ್ತಿ ಹಿಂದಿನ ಎರಡರ ಮೇಲೆ ನಿಲ್ಲುವವರೆಗೆ ಒಂದೊಂದನ್ನೂ ಮಾಡಿಸಿ ನೋಡುತ್ತಾರೆ. 5 ಡಿಗ್ರಿ ಏರು, 10 ಡಿಗ್ರಿ ಏರು, 15 ಸೆಂಟಿಮೀಟರಿನ ಕಟ್ಟೆ. ಬಾಗಿಲ ಹೊಸ್ತಿಲಿನ ಲೆಕ್ಕ ಅಲ್ಲಿ 2 ಸೆಂಟಿಮೀಟರು. ನಮ್ಮ ಮಲೆನಾಡಿನ ಹೊಸ್ತಿಲು ಅವರ ಲೆಕ್ಕದಲ್ಲಿ ಹೊಸ್ತಿಲೇ ಅಲ್ಲ, ಕಟ್ಟೆ!

‘ಸುಮ್ನೆ ಓದುವವ’ರಿಗೆ: ಮನೆಯವರ ಮಾತು ಬೇಕೇ ಬೇಕು. ಆದರೆ ಅಮ್ಮ ಹೇಳುವುದು ಬೇರೆ, ಹೆಂಡತಿ ಹೇಳುವುದು ಬೇರೆ, ರೋಗಿ ಹೇಳುವುದು ಇನ್ನೂ ಬೇರೆ. ‘ಸ್ವಲ್ಪ ಕೈ ಹಿಡಿಯುತ್ತೇನೆ’ ಅಂದ ತಾಯಿ ಅವನ ಅರ್ಧ ತೂಕ ಎತ್ತುತ್ತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಫ್‌ಐಎಂ ಅಂತ ಇನ್ನೊಂದು ಹಳೆಯ ಹಾಳೆ ಇದೆ. 18 ಪ್ರಶ್ನೆ, ಒಂದೊಂದಕ್ಕೂ 1ರಿಂದ 7. ಅದು ಕೇಳುವುದೇ ಈ ಪಾಲನ್ನು. ಕೆಲಸದ ಮುಕ್ಕಾಲು ಪಾಲು ಅಥವಾ ಹೆಚ್ಚು ರೋಗಿಯದೇ ಆದರೆ 4, ಅರ್ಧದಿಂದ ಮುಕ್ಕಾಲು ಆದರೆ 3, ಕಾಲು ಭಾಗದಿಂದ ಅರ್ಧ ಆದರೆ 2. ಬೆನ್ನುಹುರಿಯವರಿಗೆ ಅದು ಅಷ್ಟು ಹೊಂದಲ್ಲ. ಅದರ ಐದು ಪ್ರಶ್ನೆ ಮಾತು, ನೆನಪು, ತಿಳಿವಳಿಕೆಯ ಬಗ್ಗೆ. ತಲೆಗೆ ಪೆಟ್ಟಾಗದಿದ್ದರೆ ಅಲ್ಲಿ ಎಲ್ಲರಿಗೂ ಪೂರ್ತಿ ಅಂಕ, ಉಪಯೋಗ ಇಲ್ಲ. ಆದರೆ ‘ಯಾರ ಪಾಲು ಎಷ್ಟು’ ಅನ್ನುವ ಪ್ರಶ್ನೆ ಮಾತ್ರ ಚೆನ್ನಾಗಿದೆ. ನಾನು ಮನೆ ಭೇಟಿಯಲ್ಲಿ ಸ್ಕಿಮ್ ಪಕ್ಕದಲ್ಲೇ ಅದನ್ನು ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ.

ಓಟಿ_ಕರಾವಳಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಒಂದು ವಿಷಯದಲ್ಲಿ ನನ್ನ ಸಿಟ್ಟು ಬೇರೆ. ‘ನೆಲದಿಂದ ಕುರ್ಚಿಗೆ’ ಅನ್ನುವುದಕ್ಕೆ ಇಡೀ 100ರಲ್ಲಿ 1 ಅಂಕ. ಬರುತ್ತೆ ಅಂದರೆ 1, ಬರಲ್ಲ ಅಂದರೆ 0. ಮಂಚ, ಸೋಫಾ, ಕಮೋಡ್ ಇರುವ ಊರಿನವರಿಗೆ ನೆಲ ಅಂದರೆ ಬಿದ್ದಾಗ ಮಾತ್ರ ಸಿಗುವ ಜಾಗ. ನಮ್ಮಲ್ಲಿ ಹಾಗಾ? ಊಟ ನೆಲದ ಮೇಲೆ. ಅಡಿಕೆ ಸುಲಿಯುವುದು ನೆಲದ ಮೇಲೆ. ಮದುವೆ ಮನೆಯ ಪಂಕ್ತಿ ನೆಲದ ಮೇಲೆ. ಸೆಖೆಗಾಲದಲ್ಲಿ ನಿದ್ದೆಯೂ ನೆಲದ ಮೇಲೆ. ಕುಟುಂಬ ಇರುವ ಜಾಗಕ್ಕೆ ಇಳಿಯಲು, ಅಲ್ಲಿಂದ ಮೇಲೆ ಬರಲು ಆಗದವನು ಮನೆಯೊಳಗೇ ಬೇರೆ ಮನೆಯಲ್ಲಿ ಇದ್ದಂತೆ.

ಕೆಲವು ಕಡೆ ಅದನ್ನು ಮಾಡಿಸಿಯೇ ನೋಡುವುದಿಲ್ಲ. ಸಮಯ ಇಲ್ಲ, ಮ್ಯಾಟ್ ಇಲ್ಲ, ಬಿದ್ದರೆ ಯಾರು ಹೊಣೆ ಅಂತ ಭಯ. ಸೊನ್ನೆ ಬರೆದು ಮುಂದೆ ಹೋಗುತ್ತಾರೆ. ಅಕ್ಕಾ, ನಿಮ್ಮ ತಮ್ಮನಿಗೆ ಆಸ್ಪತ್ರೆಯಲ್ಲಿ ಸೊನ್ನೆ ಕೊಟ್ಟರಲ್ಲ, ಮಾಡಿಸಿ ನೋಡಿದ ಮೇಲೆ ಕೊಟ್ಟರಾ?

ಅಡಿಕೆತೋಟದ_ಅಕ್ಕ

ಇಲ್ಲ ಮೇಡಂ. ಅವನು ಹೇಳ್ತಾನೆ, ನೆಲಕ್ಕೆ ಇಳಿಸಿಯೇ ಇಲ್ಲ ಅಂತೆ.

ಗಾಲಿಕುರ್ಚಿ_ಹುಬ್ಬಳ್ಳಿ

ಇದನ್ನ ನಾನು ಹೇಳ್ತೀನಿ, ಓಟಿ ಮೇಡಂ ತಪ್ಪಿದ್ರ ತಿದ್ದಬೇಕು.

ಕುರ್ಚಿ ಬ್ರೇಕ್ ಹಾಕು. ಮುಂದಿನ ಸಣ್ಣ ಚಕ್ರ ಮುಂದಕ್ಕೆ ತಿರುಗಿರಬೇಕು, ಇಲ್ಲಾಂದ್ರೆ ಕುರ್ಚಿ ಮಗುಚ್ತದ. ಕುರ್ಚಿ ಮುಂದ ಸ್ವಲ್ಪ ಓರೆಯಾಗಿ ಕೂಡು, ಮೊಣಕಾಲು ಮಡಚಿ ಎದಿ ಹತ್ರ. ಒಂದು ಕೈ ಸೀಟಿನ ಮೂಲಿ ಮ್ಯಾಲೆ. ಇನ್ನೊಂದು ನೆಲದ ಮ್ಯಾಲೆ, ಮುಷ್ಟಿ ಕಟ್ಟಿ. ಈಗ ತಲೆ ಕೆಳಗ ಬಗ್ಗಿಸಿ ಮುಂದ ಚಾಚಬೇಕು. ತಲೆ ಕೆಳಗ ಹೋದಷ್ಟೂ ಕುಂಡಿ ಮ್ಯಾಲೆ ಬರ್ತದ. ಮೇಲೆ ನೋಡಿ ಎತ್ತಲಿಕ್ಕೆ ಹೋದ್ರೆ ಎಷ್ಟು ದೊಡ್ಡ ತೋಳಿದ್ರೂ ಏಳೋದಿಲ್ಲ. ನಾನು ಜಿಮ್ಮಿನ ಹುಡುಗರನ್ನೂ ನೋಡೀನಿ, ಆಗಂಗಿಲ್ಲ.

ಒಮ್ಮೆಲೇ ಸೀಟಿಗೆ ಏರೋದು ಮೊದಲಿಗೆ ಯಾರಿಗೂ ಬರಂಗಿಲ್ಲ. ಮೊದಲು ಊಟದ ಮಣಿ. ಅದರ ಮ್ಯಾಲೆ ಕೂತ ಮ್ಯಾಲೆ ಗಿಡ್ಡ ಸ್ಟೂಲ್. ಸ್ಟೂಲ್‌ನಿಂದ ಕುರ್ಚಿ. ಮೂರಕ್ಕೂ ಮೆತ್ತಗಿನದು ಏನರ ಹಾಕ್ರಿ. ಮರದ ಅಂಚಿಗೆ ತೊಗಲು ಉಜ್ಜಿದ್ದು ಗೊತ್ತಾಗೋದಿಲ್ಲ, ಮರುದಿನ ಹುಣ್ಣು.

ಓಟಿ_ಕರಾವಳಿ

ತಿದ್ದುವುದು ಏನೂ ಇಲ್ಲ. ಎರಡೇ ಮಾತು ಸೇರಿಸುತ್ತೇನೆ. ಬೆನ್ನಿಗೆ ರಾಡ್, ಸ್ಕ್ರೂ ಹಾಕಿದ್ದರೆ ‘ಈಗ ಬಗ್ಗಬಹುದು’ ಅಂತ ಸರ್ಜನ್ ಹೇಳಿದ ಮೇಲೆಯೇ ಶುರು ಮಾಡಿ. ಮತ್ತೆ, ಮೊದಲು ಒಬ್ಬರು ಹಿಂದಿನಿಂದ ಕುರ್ಚಿ ಹಿಡಿದಿರಲಿ, ಇನ್ನೊಬ್ಬರು ಪಕ್ಕದಲ್ಲಿ ಇರಲಿ. ಕಲಿಯುವ ತನಕ ಒಂಟಿಯಾಗಿ ಬೇಡ.

ಅಳೆಯುವವರಿಗೂ ಒಂದು ಮಾತು. 0ಯಿಂದ 1ಕ್ಕೆ ಹೋಗುವ ನಡುವೆ ತಿಂಗಳುಗಟ್ಟಲೆ ಶ್ರಮ ಇರುತ್ತದೆ, ಹಾಳೆಯಲ್ಲಿ ಅದು ಕಾಣಲ್ಲ. ನಾನು ಎತ್ತರ ಬರೆದಿಡುತ್ತೇನೆ. ಇವತ್ತು 3 ಇಂಚಿನ ಮಣೆ, ಮುಂದಿನ ಭೇಟಿಗೆ 6 ಇಂಚು. ಹುಡುಗನಿಗೂ ತಾನು ಏರುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಸಿ6_ಬೆಂಗಳೂರು

ಎಲ್ಲರೂ ಗಟ್ಟಿ ತೋಳಿನವರ ಬಗ್ಗೆ ಮಾತಾಡ್ತಾ ಇದ್ದೀರಿ. ನನ್ನದು ಕುತ್ತಿಗೆ, ಸಿ6. ಮಣಿಕಟ್ಟು ಮೇಲೆತ್ತಬಲ್ಲೆ, ಮೊಣಕೈ ನೆಟ್ಟಗೆ ಮಾಡಿ ಒತ್ತಲಾರೆ. ಆ ಒತ್ತುವ ಸ್ನಾಯು ಸಿ7ರದ್ದು. ಒಂದೇ ಒಂದು ಮೆಟ್ಟಿಲು ಕೆಳಗೆ ಪೆಟ್ಟಾಗಿದ್ದರೆ ನಾನೇ ಮಂಚಕ್ಕೆ ಹೋಗುತ್ತಿದ್ದೆ. ಈಗ ಮೊಣಕೈಯನ್ನು ಲಾಕ್ ಮಾಡಿ, ಟ್ರಾನ್ಸ್‌ಫರ್ ಬೋರ್ಡ್ ಮೇಲೆ ಜಾರಿಕೊಂಡು ಹೋಗುತ್ತೇನೆ. ಅಂಕ 1, ಬೋರ್ಡ್ ಬಳಸಿದರೆ 1 ಅಂತಲೇ ನಿಯಮ. ಸರಿ. ಆದರೆ ಅದಕ್ಕೆ ಎಷ್ಟು ಹೊತ್ತು ಬೇಕು, ಆಮೇಲೆ ಎಷ್ಟು ಹೊತ್ತು ಸುಸ್ತಾಗಿ ಕೂರುತ್ತೇನೆ ಅನ್ನುವುದಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲ. ಬೆಳಿಗ್ಗೆ ನಾನೇ ಬಟ್ಟೆ ಹಾಕಿಕೊಂಡರೆ ಮಧ್ಯಾಹ್ನದವರೆಗೆ ಕೆಲಸ ಮಾಡಲು ಕಸುವು ಇರಲ್ಲ. ಹಾಗಾಗಿ ಬಟ್ಟೆ ಹಾಕಲು ಸಹಾಯ ತೆಗೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಅಂಕ ಕಡಿಮೆ, ಸಂಬಳ ಬರುತ್ತದೆ. ನನಗೆ ಅದು ಓಕೆ.

ಇನ್ನೊಂದು ಎಚ್ಚರಿಕೆ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರನ್ನು ಅಳೆಯಲು ಬರುವವರು ಮೊದಲು ಮೂತ್ರಕೋಶ ಖಾಲಿ ಇದೆಯಾ, ಕ್ಯಾಥೆಟರ್ ಮಡಚಿದೆಯಾ ಅಂತ ನೋಡಿ. ಪರೀಕ್ಷೆ ನಡುವೆ ತಲೆ ಸಿಡಿಯುವಂತೆ ನೋವು, ಮುಖ ಕೆಂಪು, ಬೆವರು ಬಂದರೆ ‘ಇನ್ನೊಂದು ಸಲ ಟ್ರೈ ಮಾಡಿ’ ಅನ್ನಬೇಡಿ. ಬಿಪಿ ವಿಪರೀತ ಏರುತ್ತಿದೆ ಅಂತ ಅರ್ಥ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆ. ಟಿ12ರವರಿಗೆ ಈ ಚಿಂತೆ ಇಲ್ಲ, ಅಕ್ಕ ಹೆದರಬೇಡಿ.

ಅಡಿಕೆತೋಟದ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಪ್ರಶ್ನೆ ಒಂದು ಉಳಿದಿದೆ, ಕೇಳೋಕೆ ನನಗೇ ಧೈರ್ಯ ಇಲ್ಲ. ನಡೀತಾನಾ?

ಫಿಸಿಯೋ_ಮೈಸೂರು

ಮುಖ ನೋಡದೆ ಹೇಳುವ ವಿಷಯ ಅಲ್ಲ ಇದು. ಆದರೂ ಅಳತೆ ಏನು ಹೇಳುತ್ತದೆ ಅಂತ ಹೇಳಬಹುದು.

‘ಎಐಎಸ್ ಎ’ ಅಂದರೆ ಗುದದ ಸುತ್ತಲಿನ ಕೊನೆಯ ನರಗಳಲ್ಲೂ ಸ್ಪರ್ಶ, ಹಿಡಿತ ಎರಡೂ ಇಲ್ಲ ಅಂತ. ಒಳಗಿನ ಆ ಪರೀಕ್ಷೆ ಮಾಡದೆ ‘ಎ’ ಅಂತ ಬರೆಯಬಾರದು. ಯಾರೂ ಹಾಗೆ ಪರೀಕ್ಷೆ ಮಾಡಿದ ನೆನಪು ಅವನಿಗಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸಿ. 2011ರಲ್ಲಿ ಡಚ್ ವೈದ್ಯರ ಗುಂಪೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಸರಳ ಸೂತ್ರ ಕೊಟ್ಟಿತು. ಪೆಟ್ಟಾದ 15 ದಿನದೊಳಗೆ ಐದೇ ವಿಷಯ ನೋಡುವುದು: ವಯಸ್ಸು 65 ದಾಟಿದೆಯಾ, ಮಂಡಿ ನೆಟ್ಟಗೆ ಮಾಡುವ ಸ್ನಾಯುವಿನ ಶಕ್ತಿ, ಪಾದ ಕೆಳಕ್ಕೆ ಒತ್ತುವ ಸ್ನಾಯುವಿನ ಶಕ್ತಿ, ಆ ಎರಡು ಸ್ನಾಯುಗಳ ನರಮಟ್ಟದ (ಎಲ್3, ಎಸ್1) ಚರ್ಮದಲ್ಲಿ ಹಗುರ ಸ್ಪರ್ಶ. ಒಂದು ವರ್ಷದ ನಂತರ ಸ್ವಂತವಾಗಿ ನಡೆಯುವ ಸಾಧ್ಯತೆ ಎಷ್ಟು ಅಂತ ಅದರಿಂದ ಅಂದಾಜು ಸಿಗುತ್ತದೆ. ನಾಲ್ಕೂ ಸೊನ್ನೆ ಇದ್ದರೆ ಅಂದಾಜು ತೀರಾ ಕಡಿಮೆ.

ಆದರೆ ಟಿ12ಕ್ಕೆ ತೊಡೆಯುದ್ದ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ), ವಾಕರ್ ಕೊಟ್ಟು ನಿಲ್ಲಿಸಿ, ಹೆಜ್ಜೆ ಹಾಕಿಸಬಹುದು. ವಿಸ್ಕಿ ಅನ್ನುವ ನಡಿಗೆಯ ಏಣಿ ಇದೆ. (ಹೌದು, ಆ ಹೆಸರಿಗೆ ವಾರ್ಡಿನಲ್ಲಿ ಎಲ್ಲರೂ ನಗುತ್ತಾರೆ.) 0ಯಿಂದ 20, ಅಳೆಯುವ ದೂರ 10 ಮೀಟರ್. ಯಾರ ಕೈಯೂ ತಾಗದೆ ಕ್ಯಾಲಿಪರ್, ವಾಕರ್‌ನಲ್ಲಿ 10 ಮೀಟರ್ ಹೋದರೆ 9. ಕ್ಯಾಲಿಪರ್ ಜೊತೆ ಎರಡು ಕ್ರಚ್ಚಸ್ ಆದರೆ 12. ಏನೂ ಇಲ್ಲದೆ ನಡೆದರೆ 20. ಅದಕ್ಕೆ ಖರ್ಚಾಗುವ ಶಕ್ತಿ ಮಾತ್ರ ಬಹಳ. ಬಹಳ ಜನ ಅದನ್ನು ವ್ಯಾಯಾಮಕ್ಕೆ ಇಟ್ಟುಕೊಂಡು, ಓಡಾಟಕ್ಕೆ ಕುರ್ಚಿಯನ್ನೇ ಹಿಡಿಯುತ್ತಾರೆ. ಭುಜ ಅವನ ಜೀವನ ಪೂರ್ತಿ ಬೇಕು, ಅದನ್ನು ಈಗಲೇ ಸವೆಸಬಾರದು.

ಅಮ್ಮನಿಗೆ ಹೀಗೆ ಹೇಳಿ ನೋಡಿ: ನಿಲ್ಲುತ್ತಾನೆ, ನಾಲ್ಕು ಹೆಜ್ಜೆ ಹಾಕಿಸುತ್ತೇವೆ, ತೋಟಕ್ಕೆ ಕುರ್ಚಿಯಲ್ಲಿ ಹೋಗುತ್ತಾನೆ.

ಮಗಳು_ತುಮಕೂರು

ಸರ್, ನಮ್ಮದು ಉಲ್ಟಾ ಕಥೆ. ಅಪ್ಪನಿಗೆ ಕುತ್ತಿಗೆ ಪೆಟ್ಟು, ಎಐಎಸ್ ‘ಡಿ’ ದರ್ಜೆ, ಅಂದರೆ ಶಕ್ತಿ ಸಾಕಷ್ಟು ಉಳಿದದ್ದು. ಈಗ ಕೋಲೂ ಇಲ್ಲದೆ ನಡೆಯುತ್ತಾರೆ. ವಿಸ್ಕಿ 20ಕ್ಕೆ 20. ಡಾಕ್ಟರು ‘ಫುಲ್ ಮಾರ್ಕ್ಸ್’ ಅಂದರು. ಆದರೆ ಸಂತೆಗೆ ಕರೆದುಕೊಂಡು ಹೋದರೆ ರಸ್ತೆ ದಾಟುವಷ್ಟರಲ್ಲಿ ಮೂರು ಲಾರಿ ಹಾರ್ನ್ ಹೊಡೆಯುತ್ತವೆ. ಎಲ್ಲರೂ ‘ಸರಿ ಹೋದರಲ್ಲ’ ಅಂತಾರೆ, ಅಪ್ಪ ಮನೆ ಬಿಟ್ಟು ಹೊರಡಲ್ಲ.

ಫಿಸಿಯೋ_ಮೈಸೂರು

ವಿಸ್ಕಿ ವೇಗ ಕೇಳುವುದಿಲ್ಲ ಮೇಡಂ, ಆಸರೆ ಎಷ್ಟು ಅಂತ ಮಾತ್ರ ಕೇಳುತ್ತದೆ. 10 ಮೀಟರಿಗೆ ಒಂದು ನಿಮಿಷ ತೆಗೆದುಕೊಂಡರೂ 20. ಅದರ ಜೊತೆಗೆ 10 ಮೀಟರ್ ನಡಿಗೆಯ ಸಮಯ ನೋಡಬೇಕು. ಮನೆಯಲ್ಲೇ ಮಾಡಬಹುದು. ಅಂಗಳದಲ್ಲಿ 14 ಮೀಟರ್ ಅಳೆಯಿರಿ, ಮೊದಲ ಎರಡು, ಕೊನೆಯ ಎರಡು ಬಿಟ್ಟು ನಡುವಿನ 10 ಮೀಟರಿಗೆ ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಒಮ್ಮೆ ಅವರ ಮಾಮೂಲಿ ನಡಿಗೆಯಲ್ಲಿ, ಒಮ್ಮೆ ಬೀಳದಂತೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಎರಡೂ ಹೆಚ್ಚು ಕಡಿಮೆ ಒಂದೇ ಬಂದರೆ ಅವರ ಹತ್ತಿರ ಮೀಸಲು ವೇಗ ಇಲ್ಲ ಅಂತ. ರಸ್ತೆಯಲ್ಲಿ ಬೇಕಾಗುವುದು ಅದೇ. ಆರು ನಿಮಿಷದಲ್ಲಿ ಎಷ್ಟು ದೂರ ಅಂತ ನೋಡಿದರೆ ದಮ್ಮು ಎಷ್ಟಿದೆ ಗೊತ್ತಾಗುತ್ತದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ಹೋಗಿ, ತಿರುಗಿ ಬಂದು ಕೂರುವ ಪರೀಕ್ಷೆಯಲ್ಲಿ ತಿರುವು ನೋಡಿ. ಕುತ್ತಿಗೆ ಪೆಟ್ಟಿನವರು ತಡವರಿಸುವುದು ಬಹಳ ಸಲ ಅಲ್ಲೇ.

ಮತ್ತೆ ಅವರು ಹೊರಡದಿರುವುದಕ್ಕೆ ಕಾಲು ಕಾರಣ ಅಂತಲೇ ತಿಳಿಯಬೇಡಿ. ಮೂತ್ರ ತಡೆಯಲು ಆಗುತ್ತದೆಯಾ ಅಂತ ಮೆಲ್ಲಗೆ ಕೇಳಿ. ಗಂಡಸರು ಮಗಳ ಹತ್ತಿರ ಇದನ್ನು ತಾವಾಗಿ ಹೇಳಲ್ಲ.

ಮಗಳು_ತುಮಕೂರು

ಸರ್... ಅದೇ ಇರಬೇಕು. ಅಣ್ಣನ ಹತ್ತಿರ ಕೇಳಿಸುತ್ತೇನೆ.

ವಿಆರ್‌ಡಬ್ಲ್ಯೂ_ಹಾವೇರಿ

ನಾನು ಗ್ರಾಮ ಪಂಚಾಯ್ತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಅಕ್ಕಾ, ನಿಮ್ಮ ಪಂಚಾಯ್ತಿಯಲ್ಲೂ ಒಬ್ಬರು ಇರಬೇಕು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಕೇಳಿ.

ಈ 16, 7 ಅಂಕ ಹಿಡಿದುಕೊಂಡು ಯಾರಾದರೂ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಹೋಗ್ತೀವಿ ಅಂದರೆ ಅದು ಬೇರೆ ಲೆಕ್ಕ. ಅಲ್ಲಿ ಚಲನವಲನದ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಸರ್ಕಾರದ ನಿಯಮದ ಪ್ರಕಾರ ವೈದ್ಯರು ಬರೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40 ಅಥವಾ ಹೆಚ್ಚು ಇರಬೇಕು. ಸ್ಕಿಮ್ ಚೆನ್ನಾಗಿ ಬಂದರೆ ಶೇಕಡಾವಾರು ಕಡಿಮೆ ಆಗುತ್ತೆ ಅಂತ ಹೆದರಿ, ಫಿಸಿಯೋ ಮುಂದೆ ಬೇಕಂತಲೇ ಮಾಡದೆ ಕೂತವರನ್ನು ನೋಡಿದ್ದೇನೆ. ಹಾಗೆ ಮಾಡಿಸಬೇಡಿ. ಅಲ್ಲಿ ನಟಿಸಿದರೆ ಚಿಕಿತ್ಸೆ ತಪ್ಪು ದಾರಿಗೆ ಹೋಗುತ್ತದೆ.

ಕುರ್ಚಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅರ್ಜಿ ಹಾಕಿಸಿ. ಶಿಬಿರದಲ್ಲಿ ಅಳತೆ ತೆಗೆಯುವಾಗ ‘ಕೈ ಕಳಚುವಂಥದ್ದೇ ಬೇಕು’ ಅಂತ ಅರ್ಜಿಯಲ್ಲೇ ಬರೆಸಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ.

ಸುಮ್ನೆ_ಓದುವವ

ಇವತ್ತು ಏನೋ ಕಲಿತೆ. ಒಂದು ಮಾತು ನೆನಪಾಯಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1966ರಲ್ಲಿ ಪುನರ್ವಸತಿ ಕೇಂದ್ರ ಶುರು ಮಾಡಿದ ಡಾ. ಮೇರಿ ವರ್ಗೀಸ್ ಅವರೂ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲೇ ಇದ್ದವರು. ಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅವರಿಗೂ 8ಕ್ಕೆ 2 ಕೊಡುತ್ತಿದ್ದರಲ್ಲ ಈ ಹಾಳೆಯವರು!

ಅಡಿಕೆತೋಟದ_ಅಕ್ಕ

ಹಣ ಜಾಸ್ತಿ ಇಲ್ಲ. ಈ ಸಲದ ಅಡಿಕೆ ಹಣದಲ್ಲಿ ಒಂದು ಕೆಲಸ ಮಾಡಿಸಬಹುದು. ಅಂಗಳಕ್ಕೆ ರ‍್ಯಾಂಪ್ ಮಾಡಿಸ್ಲಾ, ಪಾಯಿಖಾನೆನಾ? ಜಗಲಿ ಅಂಗಳದಿಂದ ಒಂದೂವರೆ ಅಡಿ ಮೇಲೆ ಇದೆ.

ಫಿಸಿಯೋ_ಮೈಸೂರು

ನನ್ನ ಮತ ರ‍್ಯಾಂಪ್. ಹೊರಗೆ ಬಂದರೆ ಮನಸ್ಸು ಏಳುತ್ತದೆ. 1ಕ್ಕೆ 12ರ ಲೆಕ್ಕ, ಒಂದೂವರೆ ಅಡಿಗೆ 18 ಅಡಿ ಉದ್ದ. ಕಡಿಮೆ ಮಾಡಿದರೆ ಅವನು ಒಬ್ಬನೇ ಹತ್ತಲಾರ.

ಗಾಲಿಕುರ್ಚಿ_ಹುಬ್ಬಳ್ಳಿ

ಪಾಯಿಖಾನಿ. ದಿನಾ ಬೆಳಿಗ್ಗೆ ಅವ್ವ ಹೊತ್ತುಕೊಂಡು ಹೋಗೋದು ಹುಡುಗನ ಮನಸ್ಸಿಗೆ ಎಷ್ಟು ಚುಚ್ಚತದ ಅಂತ ಸರ್‌ಗೆ ಗೊತ್ತಿಲ್ಲ. ರ‍್ಯಾಂಪ್ ಮುಂದಿನ ವರ್ಷ.

ಓಟಿ_ಕರಾವಳಿ

ನಾನು ಹುಬ್ಬಳ್ಳಿ ಅಣ್ಣನ ಕಡೆ. ಮಳೆಗಾಲ ಬಂತೆಂದರೆ ನಿಮ್ಮಲ್ಲಿ ನಾಲ್ಕು ತಿಂಗಳು ರ‍್ಯಾಂಪ್ ಪಾಚಿ ಹಿಡಿಯುತ್ತದೆ. ಮಾಡಿಸುವಾಗ ನುಣುಪು ಸಿಮೆಂಟ್ ಬೇಡ, ಹಸಿ ಇರುವಾಗಲೇ ಅಡ್ಡ ಗೀರು ಹಾಕಿಸಿ. ಆದರೆ ಅದು ಎರಡನೆಯದು.

ಹಣ ಖರ್ಚಿಲ್ಲದ ಕೆಲಸ ಈ ವಾರವೇ ಮಾಡಿ. ಮಂಚದ ಕಾಲಿನ ಕೆಳಗೆ ಮರದ ಗಟ್ಟಿ ದಿಮ್ಮಿ ಕೊಟ್ಟು, ಕುಶನ್ ಹಾಕಿದ ಕುರ್ಚಿಯ ಸೀಟಿನ ಸಮಕ್ಕೆ ತನ್ನಿ. ದಿಮ್ಮಿಯಲ್ಲಿ ಗುಳಿ ತೆಗೆಸಿ, ಮಂಚದ ಕಾಲು ಜಾರಬಾರದು. ಹತ್ತಿ ಹಾಸಿಗೆ ತೆಗೆದು ಗಟ್ಟಿ ಫೋಮ್ ಹಾಕಿ. ಕಾಲು ಹೊರಳಿಸಲು ಆಗದೆ 6 ಹೋಗಿ 4 ಆದದ್ದು ಆ ಗುಂಡಿಯಿಂದಲೇ ಅಂತ ನನ್ನ ಊಹೆ. ಆಮೇಲೆ ಅದೇ ಫಿಸಿಯೋ ಅವರನ್ನು ಕರೆದು, ಹಾಸಿಗೆ, ಮಂಚದ ಆ ಎರಡು ಸಾಲು ಮಾತ್ರ ಮತ್ತೆ ತುಂಬಿಸಿ. ಬೆಳಿಗ್ಗೆ ಕರೆಯಿರಿ, ದಣಿದ ಸಂಜೆ ಬೇಡ.

ಪಾಯಿಖಾನೆ ಪ್ಲಾನ್ ಮಾಡುವ ಮೊದಲು ಮೂರು ಅಳತೆ ಬೇಕು: ಕೂತಾಗ ಅವನ ಸೊಂಟದ ಅಗಲ, ಕೋಣೆಯ ಬಾಗಿಲಿನ ಅಗಲ, ಈಗಿನ ಕುರ್ಚಿಯ ಚಕ್ರದಿಂದ ಚಕ್ರಕ್ಕೆ ಹೊರ ಅಗಲ.

ಅಡಿಕೆತೋಟದ_ಅಕ್ಕ

ತಮ್ಮನೇ ಟೇಪ್ ಹಿಡಿದು ಅಳೆದ ಮೇಡಂ. ಸೊಂಟ 14 ಇಂಚು. ಬಾಗಿಲು 26. ಕುರ್ಚಿ ಹೊರ ಅಗಲ 27, ಸೀಟು 18.

ಓಟಿ_ಕರಾವಳಿ

ನೋಡಿ, ಕುರ್ಚಿ ಬಾಗಿಲಲ್ಲೇ ಹಿಡಿಯುವುದಿಲ್ಲ. ‘ಒಳಗೆ ಓಡಾಟ 1’ ಬಂದದ್ದು ಹೇಗೆ ಅಂತ ಈಗ ಗೊತ್ತಾಯಿತಲ್ಲ. 14 ಇಂಚಿನವನಿಗೆ 18ರ ಸೀಟು ದೊಡ್ಡದಾಯಿತು. ತೋಳು ಅಗಲಿಸಿ ತಳ್ಳಬೇಕು, ಕೂತಲ್ಲಿ ಒಂದು ಕಡೆ ವಾಲುತ್ತಾನೆ. ಅರ್ಜಿಯಲ್ಲಿ 16 ಇಂಚಿನ ಸೀಟು ಅಂತ ಬರೆಸಿ. ಹೊರ ಅಗಲ ಸುಮಾರು 25ರ ಒಳಗೆ ಬರುವಂಥದ್ದು ನೋಡಿ ತೆಗೆದುಕೊಳ್ಳಿ. 26ರ ಬಾಗಿಲಲ್ಲಿ ಆದರೂ ಬೆರಳು ಉಜ್ಜುತ್ತದೆ. ಚೌಕಟ್ಟು ಒಡೆಸಲು ಹೋಗಬೇಡಿ. ಕೋಣೆಯ ಬಾಗಿಲ ರೆಕ್ಕೆ ಕಳಚಿಟ್ಟು ಪರದೆ ಹಾಕಿ, ಒಂದೂವರೆ ಇಂಚು ಅಲ್ಲೇ ಸಿಗುತ್ತದೆ. ಪಾಯಿಖಾನೆಗೆ ಮಾತ್ರ 36 ಇಂಚಿನ ಬಾಗಿಲು ಇಡಿಸಿ. ಹೊರಗೆ ತೆರೆಯುವಂತಿರಲಿ, ಒಳಗೆ ಬಿದ್ದರೆ ತೆಗೆಯಲು ಬರಬೇಕು.